ಕ್ಲಚ್ ಮೇಡಂ ಕಾರಿಗೆ ಬಂದ ಜ್ವರ

ಬೆಟ್ಟದ ರಸ್ತೆಯಲ್ಲಿ ಕಾರೊಂದು ಕೆಟ್ಟು ನಿಂತರೆ ಸಾಕು, ಎಲ್ಲಿದ್ದರೋ ಏನೋ, ನೀರಿನ ಬಾಟಲಿ ಹಿಡಿದವರು ಅಣಬೆ ಎದ್ದ ಹಾಗೆ ಎದ್ದುಬರುತ್ತಾರೆ. ಹೋದ ವರ್ಷ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಆದದ್ದೂ ಹಾಗೆಯೇ. ಊರಿನಿಂದ ಹೊರಟು ಬೆಟ್ಟದ ನೆತ್ತಿಯ ಮೈದಾನ ಸೇರಬೇಕಿದ್ದ ಸಾಲಿನಲ್ಲಿ, ದುಂಡು ಬೆನ್ನಿನ ಹಸಿರು ಕಾರೊಂದು ಅರ್ಧ ಏರುವಷ್ಟರಲ್ಲಿ ಏದುಸಿರು ಬಿಡತೊಡಗಿತು. ಆಮೇಲೆ ಕಾಲಿನ ಶಕ್ತಿ ಸೋರಿಹೋದವರಂತೆ ಮೆಲ್ಲಗಾಗುತ್ತಾ ಆಗುತ್ತಾ ರಸ್ತೆಯ ಅಂಚಿಗೆ ಸರಿದು ನಿಂತೇಬಿಟ್ಟಿತು.

"ರೇಡಿಯೇಟರ್‌ಗೆ ನೀರು ಹಾಕಿ ಮೇಡಂ. ಪಾಪ, ಒಣಗಿಹೋಗಿದೆ," ಎಂದ ಒಬ್ಬ.

"ಇದಕ್ಕೆ ರೇಡಿಯೇಟರೇ ಇಲ್ಲಪ್ಪ. ಇದು ನೀರು ಕುಡಿಯೋ ಜಾತಿ ಅಲ್ಲ, ಗಾಳಿ ಕುಡಿಯೋ ಜಾತಿ," ಎಂದರು ಕಾರಿನೊಡತಿ.

ಅವನಿಗೆ ನಂಬಿಕೆ ಬರಲಿಲ್ಲ. ಇನ್ನೊಬ್ಬ ಇಂಜಿನ್ ನೋಡುತ್ತೇನೆಂದು ಮುಂದಿನ ಮುಚ್ಚಳ ಎತ್ತಿದ. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದು ಕ್ಲ್ಯಾರಿನೆಟ್ ಪೆಟ್ಟಿಗೆ ಮತ್ತು ಒಂದು ಜೊತೆ ಚಪ್ಪಲಿ. ಮೂರನೆಯವನು ಮಾತ್ರ ಜಾಣ. ಇಂಜಿನ್ ಹಿಂದಿದೆ ಎಂದು ಅವನಿಗೆ ಗೊತ್ತಿತ್ತು. ಬಾಟಲಿಯ ಮುಚ್ಚಳ ತಿರುವಿ, ಕಾದು ಕೆಂಡವಾಗಿದ್ದ ಇಂಜಿನ್ನಿನ ಮೇಲೆ ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಮೇಡಂ ಹಾರಿ ಅವನ ಮಣಿಕಟ್ಟು ಹಿಡಿದರು.

"ಕೈ ತೆಗಿ! ಕಾದ ಗಾಜಿನ ಮೇಲೆ ನೀರು ಹಾಕಿದ್ರೆ ಏನಾಗುತ್ತೆ? ಚಟ್ ಅಂತ ಸೀಳು ಬಿಡುತ್ತೆ. ಆ ನೀರು ನೀನೇ ಕುಡಿ. ನನಗಿಂತ ಜಾಸ್ತಿ ನೀನೇ ಬೆವರಿದೀಯ!"

ಇವರೇ ಕ್ಲಚ್ ಮೇಡಂ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಆ ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡೇ ಕಲಿತವರು. ಹರೆಯದಲ್ಲಿ ಅವರು ಒಂದು ಡ್ರೈವಿಂಗ್ ಶಾಲೆಯ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದರು. ಕಿಟಕಿಯಾಚೆ ದಿನವಿಡೀ ಕಾರು ಹಿಂದೆ ಮುಂದೆ ಹೋಗುವುದನ್ನು ನೋಡಿ ನೋಡಿ, ಕಲಿಸುವವರು ಮಾಡುವ ತಪ್ಪುಗಳೂ ಬಾಯಿಪಾಠವಾಗಿದ್ದವು. ಒಂದು ದಿನ ಮೇಷ್ಟ್ರು ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಹೊರಗೆ ಕಲಿಯುವವರು ಸಾಲುಗಟ್ಟಿ ಕಾಯುತ್ತಿದ್ದರು. ಟೈಪಿನ ಹುಡುಗಿ ಯಂತ್ರಕ್ಕೆ ಮುಚ್ಚಳ ಹಾಕಿ ಎದ್ದು ಹೋಗಿ ಮೇಷ್ಟ್ರ ಸೀಟಿನಲ್ಲಿ ಕೂತಳು. ಮತ್ತೆ ಆ ಯಂತ್ರದ ಮುಚ್ಚಳ ತೆಗೆದವರು ಬೇರೆಯವರು.

ಮುಂದೆ ಸ್ವಂತಕ್ಕೊಂದು ಶಾಲೆ ಆಯಿತು, ಈ ಹಸಿರು ಕಾರು ಬಂತು. "ಕ್ಲಚ್! ಕ್ಲಚ್ ಒತ್ತು! ಅದು ಕ್ಲಚ್ ಕಣಪ್ಪಾ, ಇರುವೆ ಅಲ್ಲ ಹೊಸಕೋಕೆ!" ಎಂಬ ಕೂಗು ಬೀದಿ ಬೀದಿಯಲ್ಲಿ ಮೊಳಗಿ ಅದೇ ಹೆಸರಾಗಿ ಅಂಟಿಕೊಂಡಿತು. ಅವರ ಯಜಮಾನರು ವಾದ್ಯದ ತಂಡದಲ್ಲಿ ಕ್ಲ್ಯಾರಿನೆಟ್ ನುಡಿಸುವವರು, ಮಿತಭಾಷಿ. "ನಿದ್ದೇಲೂ ಎಡಗಾಲಲ್ಲಿ ನನ್ನ ಕಾಲು ತುಳೀತಾಳೆ. ನಾನು ಯಾವ ಗೇರಿಗೆ ಬೀಳ್ಬೇಕೋ ಗೊತ್ತಾಗಲ್ಲ," ಎನ್ನುತ್ತಿದ್ದರು.

ಶಾಲೆ ಮುಚ್ಚಿದ ಮೇಲೂ ಕಾರು ಉಳಿಯಿತು. ಅದು ಬೆಟ್ಟದ ನಡುವೆ, ಅದೂ ತಾವೇ ಕಲಿಸಿದ ಶಿಷ್ಯರ ಕಣ್ಣೆದುರು ಕೈಕೊಟ್ಟಿತ್ತಲ್ಲ, ಅದು ಮೇಡಂ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ನಾಚಿಕೆಗಿಂತ ಹೆಚ್ಚಾಗಿ ಛಲ. ಈ ವರ್ಷದ ಮೆರವಣಿಗೆ ಹತ್ತಿರ ಬರುತ್ತಿದ್ದಂತೆ ಆ ಛಲಕ್ಕೆ ರೆಕ್ಕೆ ಬಂತು.

ಕಾರಿನ ವಿಷಯದಲ್ಲಿ ಆ ಮನೆಯಲ್ಲಿ ಮೊದಲಿನಿಂದಲೂ ಒಂದು ಪಾಲುಪಟ್ಟಿ ಇತ್ತು: ಓಡಿಸುವುದು ಮೇಡಂ ಪಾಲು, ಬಿಚ್ಚುವುದು ಮೈದುನನ ಪಾಲು. ಅವನ ಗ್ಯಾರೇಜು ಹಿಂದಿನ ಬೀದಿಯಲ್ಲೇ ಇತ್ತು. ಕೈ ಚುರುಕು, ಬಾಯಿ ಇನ್ನೂ ಚುರುಕು. ಕಾರಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟುಬಿಟ್ಟ.

"ಅತ್ತಿಗೆ, ಇಂಜಿನ್‌ಗೆ ವಯಸ್ಸಾಯ್ತು. ಬೇರೆ ಇಂಜಿನ್ ಕೂರಿಸೋಣ."

"ವಯಸ್ಸು ನನಗೂ ಆಗಿದೆ. ನನ್ನನ್ನೂ ಬದಲಾಯಿಸ್ತೀಯಾ?"

ಪತ್ರಿಕೆಯ ಹಿಂದಿನಿಂದ ಯಜಮಾನರ ದನಿ ಬಂತು. "ವಿಚಾರಿಸಿ ನೋಡೋ. ಸಿಗೋದಾದ್ರೆ..."

"ನೀವು ಸುಮ್ನೆ ಕೂತ್ಕೊಳ್ಳಿ!" ಎಂದು ಅತ್ತ ಗದರಿ, ಮೇಡಂ ಇತ್ತ ತಿರುಗಿದರು. "ನೋಡಪ್ಪ, ನಿಜವಾಗ್ಲೂ ಮುದಿ ಆಗಿದ್ರೆ ಸಪಾಟು ರಸ್ತೇಲೂ ನರಳಬೇಕು ತಾನೇ? ಪೇಟೆಗೆ ಹೋಗಿ ಬಂದ್ರೆ ತಣ್ಣಗಿರುತ್ತೆ. ಬೆಟ್ಟ ಹತ್ತಿಸಿದ್ರೆ ಮಾತ್ರ ಜ್ವರ. ಅಲ್ಲೇ ಏನೋ ಗುಟ್ಟಿದೆ. ಒಂದೊಂದಾಗಿ ನೋಡೋಣ ಬಾ."

ಮೈದುನ ತಲೆ ಕೆರೆದುಕೊಂಡ. ಆದರೆ ಅತ್ತಿಗೆಯ ಮಾತು ತೆಗೆದುಹಾಕುವ ಧೈರ್ಯ ಅವನಿಗಿರಲಿಲ್ಲ. ಅವನಿಗೆ ಕಾರು ಓಡಿಸಲು ಕಲಿಸಿದವರೂ ಅವರೇ.

ಗಾಳಿಯಿಂದ ತಣಿಯುವ ಇಂಜಿನ್ನಿನ ಕಥೆ ಸರಳ. ಮೇಲೊಂದು ಫ್ಯಾನು ತಿರುಗುತ್ತದೆ, ತಂಪು ಗಾಳಿಯನ್ನು ಎಳೆದು ಬಿಸಿಯಾದ ಭಾಗಗಳ ಮೇಲೆ ಊದುತ್ತದೆ, ಕಾದ ಗಾಳಿ ಕೆಳಗಿನಿಂದ ಹೊರಗೆ ಹೋಗುತ್ತದೆ. ಈ ಊದಾಟ ಎಲ್ಲಿ ಕಟ್ಟಿದರೂ ಜ್ವರ. ಇಬ್ಬರೂ ಹಿಂದಿನ ಮುಚ್ಚಳ ಎತ್ತಿ ಬಗ್ಗಿದರು. ಫ್ಯಾನಿನ ಬೆಲ್ಟನ್ನು ಮೇಡಂ ಹೆಬ್ಬೆರಳಿನಿಂದ ಒತ್ತಿದರು. ಬಿಗಿ ಸರಿಯಾಗಿಯೇ ಇತ್ತು. ಪ್ಲಗ್ಗುಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ಮೂತಿ ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಒಣ ಉರಿ ಉರಿಯುತ್ತಿದೆ ಎಂದರ್ಥ. ಇವು ಬಿಸ್ಕತ್ತಿನ ಬಣ್ಣಕ್ಕಿದ್ದವು, ಆರೋಗ್ಯದ ಬಣ್ಣ. ಕಿಡಿ ಹಾರುವ ಹೊತ್ತು ಹಿಂದೆ ಮುಂದೆ ಆಗಿದ್ದರೂ ಇಂಜಿನ್ ಕಾಯುತ್ತದೆ. ಮೈದುನ ಪುಟ್ಟ ಬಲ್ಬು ಕಟ್ಟಿ ಅದನ್ನೂ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಾನು ಹೇಳ್ಲಿಲ್ವಾ ಅತ್ತಿಗೆ? ಎಲ್ಲಾ ಸರಿಯಾಗೇ ಇದೆ."

"ಎಲ್ಲಾ ಸರಿ ಇದ್ರೆ ಜ್ವರ ಯಾಕೆ ಬರುತ್ತೆ? ಫ್ಯಾನಿನ ಡಬ್ಬ ಬಿಚ್ಚು."

ಅವನು ಗೊಣಗುತ್ತಾ ಬಿಚ್ಚಿದ. ಒಳಗೆ ಟಾರ್ಚು ಬಿಟ್ಟವನೇ "ಅಬ್ಬಾ!" ಎಂದು ಕೂಗಿದ. ಚೂರು ಬಟ್ಟೆ, ಸೀಟಿನ ಸ್ಪಂಜು, ಒಣಹುಲ್ಲು, ಹರಿದ ಕಾಗದ ಎಲ್ಲ ಸೇರಿಸಿ ಇಲಿಯೊಂದು ಅರಮನೆಯನ್ನೇ ಕಟ್ಟಿತ್ತು! ಇಲಿ ಎಂದೋ ಮನೆ ಖಾಲಿ ಮಾಡಿಕೊಂಡು ಹೋಗಿತ್ತು, ಸಾಮಾನು ಮಾತ್ರ ಬಿಟ್ಟಿತ್ತು. ಮೇಡಂ ಚಪ್ಪಾಳೆ ತಟ್ಟಿದರು. ಯಜಮಾನರನ್ನು ಪತ್ರಿಕೆಯ ಸಮೇತ ಅಂಗಳಕ್ಕೆ ಎಳೆದು ತಂದು ತೋರಿಸಿದರು. ಗೂಡನ್ನು ಕಿತ್ತು, ಸಂದುಗೊಂದುಗಳನ್ನು ಬ್ರಷ್ಷಿನಿಂದ ಉಜ್ಜಿ, ಎಲ್ಲ ಜೋಡಿಸಿದ್ದೇ ತಡ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟೇಬಿಟ್ಟರು.

ಮೊದಲ ತಿರುವು ಹೂವೆತ್ತಿದಷ್ಟು ಸಲೀಸು. ಎರಡನೆಯದರಲ್ಲಿ ಮೇಡಂ ಹಾಡು ಗುನುಗತೊಡಗಿದರು. ಆಮೇಲೆ ಹಾಡು ನಿಂತಿತು. ಕಾಲಡಿಯ ಆ ದನಿ ಅವರಿಗೆ ಗೊತ್ತಿತ್ತು. ಇಂಜಿನ್ ಮತ್ತೆ ಏದುಸಿರು ಬಿಡುತ್ತಿತ್ತು. ಕಾರನ್ನು ಅಂಚಿಗೆ ಸರಿಸಿ ಇಳಿದು ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದರು. ಅದನ್ನು ಬೆರಳಲ್ಲಿ ಹಿಡಿದುಕೊಳ್ಳಲು ಆದರೆ ಚಿಂತೆಯಿಲ್ಲ. ಮುಟ್ಟಿದ ಕೂಡಲೇ ಚುರುಕ್ಕೆಂದರೆ ಜ್ವರ ಏರಿದೆ. ಚುರುಕ್ಕೆಂದಿತು.

"ಇಂಜಿನ್ ಆರಿಸ್ಲಾ?" ಎಂದರು ಯಜಮಾನರು.

"ಬೇಡ ಬೇಡ! ಫ್ಯಾನು ತಿರುಗ್ತಾ ಇದ್ರೇನೇ ಅದು ತಣಿಯೋದು. ಹಾಗೇ ಇರ್ಲಿ."

ಮುಚ್ಚಳ ಎತ್ತಿ ಇಬ್ಬರೂ ಸುಮ್ಮನೆ ನೋಡುತ್ತಾ ನಿಂತರು. ರಸ್ತೆಯ ಬದಿಯ ಗಿಡಗಳ ಕಾಯಿ ಒಡೆದು ಬಿಳಿಯ ಹತ್ತಿಯೆಳೆಗಳು ಎಲ್ಲೆಲ್ಲೂ ತೇಲುತ್ತಿದ್ದವು. ಒಂದು ಎಳೆ ಚಕ್ರದ ಹತ್ತಿರ ನೆಲಕ್ಕೆ ಇಳಿದು ಕಾರಿನ ಅಡಿಗೆ ಹೋಯಿತು. ಮರುಗಳಿಗೆ ಅದೇ ಎಳೆ ಇಂಜಿನ್ನಿನ ಪಕ್ಕದ ಸಂದಿನಿಂದ ಮೇಲಕ್ಕೆದ್ದು ಬಂತು! ಬಂದು, ಒಂದು ಸುತ್ತು ತಿರುಗಿ, ಫ್ಯಾನಿನ ಬಾಯೊಳಗೆ ಸುಯ್ಯನೆ ಹೋಯಿತು.

ಮೇಡಂ ಉಸಿರು ಹಿಡಿದರು. "ರೀ, ನೋಡಿದ್ರಾ?"

"ಏನನ್ನ?"

"ಹತ್ತಿ! ಕೆಳಗಿಂದ ಮೇಲೆ ಬಂತು! ಗಾಳಿ ಮೇಲಿಂದ ಕೆಳಗೆ ಹೋಗ್ಬೇಕು ಕಣ್ರೀ, ಇದು ಕೆಳಗಿಂದ ಮೇಲೆ ಬರ್ತಿದೆ!"

ಆ ಸಂದಿನ ಮೇಲೆ ಅಂಗೈ ಹಿಡಿದರು. ಒಲೆಯ ಬಾಯಿಗೆ ಕೈ ಒಡ್ಡಿದಂತೆ ಬಿಸಿಗಾಳಿ ರಾಚಿತು. ಅವರು ಕೈ ಹಿಂದಕ್ಕೆ ಎಳೆಯಲಿಲ್ಲ. ಎಳೆಯ ಹುಡುಗಿಯ ಹಾಗೆ ಕಾಲು ಕುಣಿಸಿದರು. ಯಜಮಾನರ ಕೈ ಹಿಡಿದು ಅದೇ ಗಾಳಿಗೆ ಒಡ್ಡಿದರು.

"ಮುಸುಕು ಹಾಕ್ಕೊಂಡು ಮಲಗಿದೋರ ಹಾಗಾಗಿದೆ ನೋಡ್ರೀ ಇದರ ಪಾಡು! ತಾನು ಬಿಟ್ಟ ಉಸಿರನ್ನೇ ತಾನು ಎಳ್ಕೊಳ್ತಿದೆ. ಸಪಾಟು ರಸ್ತೇಲಿ ಜೋರಾಗಿ ಓಡುವಾಗ ಬಿಸಿಗಾಳಿ ಹಿಂದೇನೇ ಉಳಿದುಹೋಗುತ್ತೆ. ಬೆಟ್ಟ ಹತ್ತುವಾಗ ನಾವು ನಿಧಾನ. ಆ ಬಿಸಿ ಎಲ್ಲಾ ಇಲ್ಲೇ ಸುತ್ತಿ ಮತ್ತೆ ಒಳಗೆ!"

ಯಜಮಾನರು ಕೈ ಒರೆಸಿಕೊಂಡರು. "ಹಾಗಾದ್ರೆ ಈ ಸಂದು ಮುಚ್ಚಿರ್ಬೇಕಿತ್ತಾ?"

ಅದೇ ಪ್ರಶ್ನೆ! ಮುಚ್ಚಿರಬೇಕಿತ್ತೆ? ಇಷ್ಟು ವರ್ಷ ಓಡಿಸಿದರೂ ಆ ಮೂಲೆಯನ್ನು ಮೇಡಂ ಕಣ್ಣಿಟ್ಟು ನೋಡಿದವರಲ್ಲ. ಬಿಚ್ಚುವ ಪಾಲು ಅವರದಲ್ಲವಲ್ಲ. ಆದರೆ ಊರಿನಲ್ಲಿ ಇಂಥದೇ ಇನ್ನೊಂದು ಕಾರಿತ್ತು. ಹಲ್ಲಿನ ಡಾಕ್ಟರದು, ಹಳದಿ ಬಣ್ಣದ್ದು. ಬೆಟ್ಟ ಇಳಿದ ಕಾರು ನೇರವಾಗಿ ಅವರ ದವಾಖಾನೆಯ ಮುಂದೆ ನಿಂತಿತು.

ಡಾಕ್ಟರು ಒಬ್ಬರ ಬಾಯಿಗೆ ಕನ್ನಡಿ ಇಟ್ಟು ಬಗ್ಗಿದ್ದರು. ಬಾಗಿಲಲ್ಲಿ ತಮ್ಮ ಹಳೆಯ ಗುರುವನ್ನು ಕಂಡು ನೆಟ್ಟಗಾದರು.

"ಮೇಡಂ! ಹಲ್ಲು ನೋವಾ?"

"ನನ್ನ ಬಾಯಿ ಚೆನ್ನಾಗಿದೆ. ನಿಮ್ಮ ಕಾರಿಂದು ಸ್ವಲ್ಪ ತೆಗೆಸಿ ನೋಡ್ಬೇಕಿತ್ತು."

ಡಾಕ್ಟರು ನಕ್ಕು ಕೀಲಿಕೈ ಎಸೆದರು. ಕುರ್ಚಿಯಲ್ಲಿದ್ದ ಮನುಷ್ಯ ಬಾಯಿ ಬಿಟ್ಟಂತೆಯೇ ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದ. ಅಲ್ಲಿ ಮೇಡಂ ಹಳದಿ ಕಾರಿನ ಹಿಂದೆ ನೆಲದ ಮೇಲೆ ಅಂಗಾತ ಮಲಗಿದ್ದರು. ಹಿಂಬದಿಯಲ್ಲಿ ಇಂಜಿನ್ನಿಗೂ ಕಾರಿನ ಮೈಗೂ ನಡುವೆ ಒಂದು ಬಾಗಿದ ಕಪ್ಪು ತಗಡು ಕೂತಿತ್ತು. ತಗಡಿನ ಅಂಚಿಗೆ ಸುತ್ತಲೂ ರಬ್ಬರ್ ಪಟ್ಟಿ, ಒಂದು ಎಳೆ ದಾರವೂ ತೂರದಂತೆ. ಮೇಲೆ ತಂಪಿನ ಕೋಣೆ, ಕೆಳಗೆ ಬಿಸಿಯ ಕೋಣೆ, ನಡುವೆ ಗೋಡೆ. ತಮ್ಮ ಕಾರಿನಲ್ಲಿ ಆ ಗೋಡೆಯೇ ಇರಲಿಲ್ಲ!

ಕೈ ತೊಳೆದುಕೊಂಡು ಹೊರಬಂದ ಡಾಕ್ಟರು ಬಗ್ಗಿ ನೋಡಿದರು. "ನಿಮ್ಮ ಇಂಜಿನ್ನು ಕೆಳಗಿಳಿಸಿದ್ದು ಯಾವಾಗ ಮೇಡಂ? ಅದನ್ನ ಇಳಿಸುವಾಗ ಈ ತಗಡು ಬಿಚ್ಚಲೇಬೇಕು. ನಂದು ಬಿಚ್ಚಿದಾಗ ಪಕ್ಕದಲ್ಲೇ ನಿಂತಿದ್ದೆ, ಅದಕ್ಕೆ ಗೊತ್ತು."

ಮೇಡಂ ನೆಲದಿಂದ ಎದ್ದು ಕೂತರು. ಈಚಿನ ವರ್ಷಗಳಲ್ಲಿ ಇಂಜಿನ್ ಇಳಿಸಿದ್ದು ಒಂದೇ ಸಲ, ಕ್ಲಚ್ ಪ್ಲೇಟು ಬದಲಿಸಿದಾಗ. ಹೋದ ವರ್ಷದ ಮೆರವಣಿಗೆಗೆ ಸ್ವಲ್ಪ ಮುಂಚೆ. ಇಳಿಸಿದವನು ಮೈದುನ.

ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಯಜಮಾನರು ಎರಡು ಸಲ ಕೆಮ್ಮಿದರು. "ಮೆತ್ತಗೆ ಹೇಳೇ. ಅವನಿಗೆ ಮೂಗಿನ ಮೇಲೇ ಕೋಪ."

"ಬೈಯೋಕೆ ಯಾರಿಗೆ ಪುರುಸೊತ್ತಿದೆ? ತಗಡು ಸಿಕ್ಕಿದ್ರೆ ಸಾಕು ನಂಗೆ."

ಮೈದುನ ಯಾವುದೋ ಗಾಡಿಯ ಬ್ರೇಕು ಬಿಚ್ಚುತ್ತಾ ಮುಕ್ಕಾಲು ಪಾಲು ಕಾರಿನ ಅಡಿಯಲ್ಲಿದ್ದ. ಕಾಲುಗಳು ಮಾತ್ರ ಕಾಣುತ್ತಿದ್ದವು. ಮೇಡಂ ಆ ಕಾಲುಗಳ ಹತ್ತಿರ ಬಾಯಿ ತೆರೆದರು, ತೆರೆದ ಬಾಯಿ ಹಾಗೇ ಉಳಿಯಿತು. ಅವನ ಪಕ್ಕದಲ್ಲಿ ನಟ್ಟು ಬೋಲ್ಟು ಹರಡಿಕೊಂಡಿದ್ದ ತಟ್ಟೆಯೊಂದಿತ್ತು. ಕಪ್ಪು, ಬಾಗಿದ, ಅಂಚು ಮಡಿಚಿದ ತಟ್ಟೆ. ಅದರ ತೂತುಗಳಿಗೆ ಮಾತ್ರ ನೀಟಾಗಿ ಟೇಪು ಅಂಟಿಸಿತ್ತು.

"ಈ ತಟ್ಟೆ ಎಲ್ಲಿಂದ ಬಂತಪ್ಪ?"

"ಯಾವ್ದು? ಅದಾ?" ಎಂದವು ಕಾಲುಗಳು. "ನಿಮ್ಮ ಕಾರಿಂದೇ ಅತ್ತಿಗೆ. ಕ್ಲಚ್ ಹಾಕಿದಾಗ ಉಳೀತು. ಬಿಗಿಯೋಕೆ ಹೋದ್ರೆ ಕೂರ್ಲಿಲ್ಲ. ಏನೋ ಅಲಂಕಾರಕ್ಕೆ ಹಾಕಿರ್ತಾರೆ ಅಂತ ಬಿಟ್ಟೆ. ಒಳ್ಳೇ ತಟ್ಟೆ, ಒಂದು ನಟ್ಟೂ ಉರುಳಿಹೋಗಲ್ಲ."

ಮೇಡಂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೈದುನ ಗಾಬರಿಯಾಗಿ ಹೊರಗೆ ಜಾರಿ ಬಂದ. ಹತ್ತಿಯ ಕಥೆ, ಹಳದಿ ಕಾರಿನ ಕಥೆ ಎಲ್ಲ ಒಂದೇ ಉಸಿರಿಗೆ ಅವನ ಮುಂದೆ ಬಂತು. ಕೇಳುತ್ತಾ ಕೇಳುತ್ತಾ ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಸಣ್ಣದಾಯಿತು, ಕೊನೆಗೆ ಕಣ್ಣು ಮಿಂಚಿತು. ತನ್ನ ತಪ್ಪು ತಿಳಿದ ನಾಚಿಕೆಗಿಂತ ಗಂಟು ಬಿಚ್ಚಿದ ಖುಷಿ ಅವನಲ್ಲಿ ದೊಡ್ಡದಾಗಿತ್ತು. ನಟ್ಟುಗಳನ್ನೆಲ್ಲ ನೆಲಕ್ಕೆ ಸುರಿದು, ತಗಡನ್ನು ಎದೆಗವಚಿಕೊಂಡು ನಿಂತ.

"ಅಯ್ಯೋ ನನ್ನ ತಲೆಗಿಷ್ಟು! ಗೋಡೇನೇ ಕಿತ್ತು ತಟ್ಟೆ ಮಾಡ್ಕೊಂಡಿದೀನಲ್ಲ ಅತ್ತಿಗೆ! ತಪ್ಪಾಯ್ತು. ಈಗ್ಲೇ ಹಾಕ್ತೀನಿ, ಈಗ್ಲೇ!"

"ರಬ್ಬರ್ ಪಟ್ಟಿ ಎಲ್ಲಿ?"

ಮೈದುನ ನಾಲಗೆ ಕಚ್ಚಿಕೊಂಡ. ಪಟ್ಟಿ ಗ್ಯಾರೇಜಿನಲ್ಲಿರಲಿಲ್ಲ. ಅವನ ಹೆಂಡತಿಯ ಅಡುಗೆಮನೆಯ ಬಾಗಿಲಿನ ಅಡಿಯಲ್ಲಿತ್ತು.

ಮೇಡಂ ಅವರ ಓರಗಿತ್ತಿ ಗಟ್ಟಿಗಿತ್ತಿ. ಮೂವರೂ ಒಟ್ಟಿಗೆ ಬಾಗಿಲಲ್ಲಿ ನಿಂತು ಕಾರಿಗೆ ಪಟ್ಟಿ ಬೇಕೆಂದ ಕೂಡಲೇ ಸೌಟು ಹಿಡಿದೇ ಅಡ್ಡ ನಿಂತಳು.

"ಅಕ್ಕಾ, ಆ ಪಟ್ಟಿ ಹೊಡೆದ ಮೇಲೇನೇ ನಮ್ಮನೇಲಿ ಜಿರಳೆ ಕಾಟ ನಿಂತಿದ್ದು. ಕಾರಿಗೊಂದು ನ್ಯಾಯ, ನನ್ನ ಅಡುಗೆಮನೆಗೊಂದು ನ್ಯಾಯಾನಾ?"

"ಬೇರೆ ಪಟ್ಟಿ ತಂದು ಇವನ ಕೈಯಲ್ಲೇ ಹೊಡೆಸ್ತೀನಿ ತಾಯಿ. ಅಂಚಲ್ಲಿ ಉದ್ದಕ್ಕೂ ಸೀಳು ಇರೋ ರಬ್ಬರ್ ಅದು, ತಗಡಿಗೆ ಅಳತೆ ಮಾಡಿದ ಹಾಗೆ ಕೂರುತ್ತೆ. ಮೆರವಣಿಗೆಗೆ ಅದೇ ಬೇಕು."

ಓರಗಿತ್ತಿ ಸೌಟನ್ನು ಒಮ್ಮೆ ತಿರುಗಿಸಿ ಯೋಚಿಸಿದಳು. "ಹಾಗಾದ್ರೆ ಬೆಟ್ಟಕ್ಕೆ ಹೋಗುವಾಗ ಮುಂದಿನ ಸೀಟು ನಂದು. ಪ್ರತಿ ಸಲ ಹಿಂದೆ ಕೂತು ಭಾವನೋರ ಬೆನ್ನು ನೋಡಿ ನೋಡಿ ಸಾಕಾಗಿದೆ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ "ಒಪ್ಪಿದೆ!" ಎಂದಾಗಿತ್ತು.

ತಗಡನ್ನು ಕೂರಿಸುವುದು ನಿಜಕ್ಕೂ ಕಷ್ಟವೇ ಇತ್ತು. ಅಂಚು ಒಂದು ಕಡೆ ಬಗ್ಗಿಹೋಗಿತ್ತು. ಮೈದುನ ಅದನ್ನು ಮರದ ಕೊರಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಮೆಲ್ಲಗೆ ಬಡಿದು ನೇರ ಮಾಡಿದ. ಮೇಡಂ ರಬ್ಬರಿಗೆ ಸಾಬೂನು ಸವರಿ ಒಂದೊಂದೇ ಗೇಣು ಒಳಗೆ ತುರುಕಿದರು. ಕೊನೆಯ ಬೋಲ್ಟು ಬಿಗಿದ ಮೇಲೆ ಓರಗಿತ್ತಿಯ ಹೊಲಿಗೆ ಪೆಟ್ಟಿಗೆಯಿಂದ ಉಣ್ಣೆಯ ದಾರ ತರಿಸಿ, ತುಂಡು ತುಂಡು ಮಾಡಿ ಸಂದಿನ ಉದ್ದಕ್ಕೂ ಅಂಟಿಸಿದರು. ಇಂಜಿನ್ ಶುರುವಾಯಿತು. ನಾಲ್ವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಒಂದು ದಾರವೂ ಮೇಲೇಳಲಿಲ್ಲ.

"ಅಲುಗಾಡ್ತಿಲ್ಲ!" ಎಂದು ಪಿಸುಗುಟ್ಟಿದ ಮೈದುನ, ಮಲಗಿದ ಮಗು ಎದ್ದುಬಿಡುತ್ತದೇನೋ ಎಂಬಂತೆ.

ಮೆರವಣಿಗೆಯ ದಿನ ಬೆಳಗ್ಗೆ ಬಿಸಿಲು ಖಾರವಾಗಿಯೇ ಇತ್ತು. ಮೇಡಂ ಸ್ಟಿಯರಿಂಗ್ ಹಿಡಿದರು, ಓರಗಿತ್ತಿ ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತಳು, ಯಜಮಾನರು ಹಿಂದೆ ಮೊಣಕಾಲು ಮಡಿಚಿಕೊಂಡರು. ಮೈದುನ ಬೈಕಿನಲ್ಲಿ ಬೆನ್ನು ಹತ್ತಿದ. ಅವನ ಕಣ್ಣು ರಸ್ತೆಯ ಮೇಲಿತ್ತೋ ಹಸಿರು ಕಾರಿನ ಹಿಂಬದಿಯ ಮೇಲಿತ್ತೋ, ಹೇಳುವುದು ಕಷ್ಟ. ತಿರುವಿನ ಮೇಲೆ ತಿರುವು ಬಂತು. ಕಳೆದ ಸಲ ನಿಂತ ಜಾಗ ಬರುತ್ತಿದ್ದಂತೆ ಮೇಡಂ ಕಿವಿಯೆಲ್ಲ ಹಿಂದಕ್ಕಿತ್ತು. ಇಂಜಿನ್ ಒಂದೇ ಶ್ರುತಿಯಲ್ಲಿ ಗುನುಗುತ್ತಿತ್ತು.

"ಶ್ರುತಿ ಬಿಟ್ಟಿಲ್ಲ," ಎಂದರು ಹಿಂದಿನಿಂದ ಯಜಮಾನರು. ಎಷ್ಟೋ ವರ್ಷ ತಂಡದ ನಡುವೆ ಕೂತು ಪಳಗಿದ ಕಿವಿ ಅದು.

ಆ ಜಾಗ ದಾಟಿತು. ಓರಗಿತ್ತಿ ಕಿಟಕಿಯಿಂದ ಕೈ ಹೊರಗೆ ಚಾಚಿ "ಹೋ!" ಎಂದು ಕೂಗಿದಳು, ಬೆಟ್ಟ ತಿರುಗಿ "ಹೋ!" ಎಂದಿತು. ಮುಂದೆ ಉಸ್ಸಪ್ಪಾ ಎಂದು ಹತ್ತುತ್ತಿದ್ದ ಹಲ್ಲಿನ ಡಾಕ್ಟರ ಹಳದಿ ಕಾರನ್ನು ಮೇಡಂ ಹಾರ್ನು ಹೊಡೆದು ಹಿಂದೆ ಹಾಕಿದರು. ನೆತ್ತಿಯ ಮೈದಾನಕ್ಕೆ ನುಗ್ಗಿದ ಕಾರು ನಿಂತಾಗ ಅವರ ಎದೆ ಇಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಇಳಿದವರೇ ಹಿಂದಕ್ಕೆ ಓಡಿ ಆಯಿಲ್ ಕಡ್ಡಿ ಎಳೆದರು. ಎರಡು ಬೆರಳಲ್ಲಿ ಹಿಡಿದರು. ಬಿಸಿಯಿತ್ತು, ಬಿಡಬೇಕೆನ್ನಿಸುವಷ್ಟಲ್ಲ. ಹಿಡಿದೇ ಇದ್ದರು. ಮೈದುನ ಬೈಕನ್ನು ನೆಟ್ಟಗೆ ನಿಲ್ಲಿಸುವುದನ್ನೂ ಮರೆತು ಬಂದ, ತಾನೂ ಕಡ್ಡಿ ಹಿಡಿದ, ಹಿಡಿದು ಅಣ್ಣನ ಕೈಗೆ ಕೊಟ್ಟ. ಅವರು ಹಿಡಿದು ತಲೆಯಾಡಿಸಿ ಓರಗಿತ್ತಿಗೆ ದಾಟಿಸಿದರು.

"ಅತ್ತಿಗೆ," ಎಂದ ಮೈದುನ. ಕಾರಿನ ಬೆನ್ನು ತಟ್ಟಿದ.

ಆಚೆ ಎಲ್ಲರೂ ಫೋಟೋಗೆ ಸಾಲಾಗಿ ನಿಲ್ಲುತ್ತಿದ್ದರು. ಮೇಡಂ ಅತ್ತ ಕಡೆ ನೋಡಿದರು, ಕೆಳಗೆ ಹಾವಿನಂತೆ ಸುತ್ತಿಕೊಂಡಿದ್ದ ರಸ್ತೆಯ ಕಡೆ ನೋಡಿದರು, ಕಡ್ಡಿಯನ್ನು ಜಾಗಕ್ಕೆ ತಳ್ಳಿ ಮುಚ್ಚಳ ಹಾಕಿದರು.

"ಕಾರು ಹತ್ತಪ್ಪ, ಮುಂದೆ ಕೂತ್ಕೋ. ಕೆಳಗಿಳಿದು ಇನ್ನೊಂದ್ಸಲ ಬರೋಣ. ಈ ಸಲ ಮೂರನೇ ಗೇರಲ್ಲೇ ಹತ್ತಿಸ್ತೀನಿ."

"ಫೋಟೋ?" ಎಂದರು ಯಜಮಾನರು.

"ನೀವಿಬ್ರೂ ನಿಂತ್ಕೊಳ್ಳಿ. ನಮಗೆ ಜಾಗ ಬಿಟ್ಟಿರಿ, ಬರ್ತೀವಿ!"

ಧೂಳೆಬ್ಬಿಸಿ ತಿರುಗಿದ ಹಸಿರು ಕಾರು ಇಳಿಜಾರಿನಲ್ಲಿ ಮರೆಯಾಯಿತು. ಮೈದುನನ ನಗು ಮಾತ್ರ ಇನ್ನೂ ಕೇಳುತ್ತಲೇ ಇತ್ತು.